ಹರಳೆಣ್ಣೆ ಹಚ್ಚಿದ ಚಕ್ರ

ವಿಜಯದಶಮಿಯ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಹಿತ್ತಿಲು ಎಂದರೆ ದೊಡ್ಡದೇನಲ್ಲ. ಯಲಹಂಕದ ಹಳೇ ಊರಿನ ನಮ್ಮ ಮನೆಯ ಹಿಂದೆ ಒಂದು ನೀರಿನ ತೊಟ್ಟಿ, ಒಂದು ಕಲ್ಲು, ಗೋಡೆಗೆ ಅಂಟಿಕೊಂಡಂತೆ ಬೆಳೆದ ಕರಿಬೇವಿನ ಗಿಡ, ಅಷ್ಟೇ. ಹಿಂದಿನ ದಿನ ಆಯುಧಪೂಜೆ. ಪೂಜೆಗೆ ಇಟ್ಟಿದ್ದ ಮಚ್ಚು, ಕುಡುಗೋಲು, ಈಳಿಗೆಮಣೆ, ಅಪ್ಪನ ಸ್ಪ್ಯಾನರುಗಳನ್ನು ಅಜ್ಜಿ ಒಂದೊಂದಾಗಿ ಎತ್ತಿ ಅವುಗಳ ಜಾಗಕ್ಕೆ ಸೇರಿಸುತ್ತಿದ್ದಳು. ಅಜ್ಜಿ ಅಪ್ಪನ ತಾಯಿ, ಬಾಗಲೂರಿನ ಆಚೆಯ ಹಳ್ಳಿಯವಳು. ಅಪ್ಪ ಹಿತ್ತಿಲ ಬಾಗಿಲಿನ ಮೊಳೆಗೆ ಕನ್ನಡಿ ನೇತುಹಾಕಿಕೊಂಡು ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಅಮ್ಮ ಒಳಗೆ ಒಲೆಯ ಮುಂದಿದ್ದಳು. ನನ್ನ ಅಕ್ಕ ಮಂಜುಳಾ ಆಗತಾನೇ ಸೈಕಲ್ ಹೊರಡಿಸಿಕೊಂಡು ಹೋಗಿದ್ದಳು. ಅವಳು ಹತ್ತನೇ ಕ್ಲಾಸು, ಲೆಕ್ಕದಲ್ಲಿ ಹಿಂದೆ. ಸಹಕಾರನಗರದ ಮೇಷ್ಟರೊಬ್ಬರು ಒಳ್ಳೆಯ ದಿನವೆಂದು ವಿಜಯದಶಮಿಯಂದೇ ಪಾಠ ಶುರುಮಾಡುತ್ತೇನೆ ಎಂದಿದ್ದರು. ಚಕ್ರದ ಕೆಳಗಿಟ್ಟಿದ್ದ ನಿಂಬೆಹಣ್ಣುಗಳನ್ನು ಜಜ್ಜಿ, ಹ್ಯಾಂಡಲ್ಲಿಗೆ ಸುತ್ತಿದ್ದ ಹೂವಿನ ಸಮೇತ ಅವಳು ಬೀದಿಯ ತಿರುವು ದಾಟಿದ್ದನ್ನು ನಾನೇ ನೋಡಿ ಬಂದಿದ್ದೆ.

ಅಜ್ಜಿ ಮಚ್ಚನ್ನು ಗೋಡೆಗೆ ಒರಗಿಸಿ, ಅಪ್ಪನ ಕಡೆ ತಿರುಗಿ, ಹೊಗಳಿಸಿಕೊಳ್ಳುವ ಆಸೆಯಿಂದಲೇ ಕೇಳಿದಳು.

"ಲೋ ಕೃಷ್ಣ, ಮಂಜಿ ಸೈಕಲ್ ಚಕ್ರ ನೋಡಿದ್ಯೇನೋ? ಎಂಗೆ ಪಳಪಳ ಅಂತಿತ್ತು! ಅರಳೆಣ್ಣೆ ಅಚ್ಚಿ ಬಟ್ಟೇಲಿ ತಿಕ್ಕಿವ್ನಿ. ಇನ್ನ ತುಕ್ಕು ಅತ್ರ ಸುಳಿಯಾಕಿಲ್ಲ."

ಅಪ್ಪನ ಕೈ ಕೆನ್ನೆಯ ಮೇಲೆ ನಿಂತಿತು.

"ಎಲ್ಲಿಗ್ ಹಚ್ಚಿದ್ಯವ್ವ?"

"ಬೆಳ್ಳಿ ಬಳೆ ಇದ್ದಂಗೈತಲ್ಲ, ಅದುಕ್ಕೆ. ಎರಡು ಚಕ್ರುಕ್ಕೂ. ಯಾಕ್ಲಾ ಅಂಗ್ ನೋಡ್ತೀಯ?"

ಅಪ್ಪ ಅರ್ಧ ಮುಖಕ್ಕೆ ಸೋಪಿನ ನೊರೆ ಇರುವಾಗಲೇ ಬನಿಯನ್ನಿನಲ್ಲಿ ಮನೆಯೊಳಗಿಂದ ಬೀದಿಗೆ ಓಡಿದರು. ನನಗೆ ತಕ್ಷಣ ತಿಳಿಯಲಿಲ್ಲ. ಓಡುವಾಗ ಅವರು "ಬ್ರೇಕು, ಬ್ರೇಕು" ಎಂದದ್ದು ಕೇಳಿದ ಮೇಲೆ ತಿಳಿಯಿತು. ಅಕ್ಕನ ಸೈಕಲ್ಲಿನ ಬ್ರೇಕ್ ಎಂದರೆ ಆ ಬೆಳ್ಳಿ ಬಳೆಯಂಥ ರಿಮ್ಮಿನ ಎರಡು ಪಕ್ಕ ಇರುವ ರಬ್ಬರ್ ತುಂಡುಗಳು. ಹಿಡಿ ಒತ್ತಿದಾಗ ಅವು ರಿಮ್ಮನ್ನು ಕಚ್ಚಿ ಹಿಡಿದರೆ ತಾನೇ ಚಕ್ರ ನಿಲ್ಲುವುದು. ಹರಳೆಣ್ಣೆ ಸವರಿದ ರಿಮ್ಮನ್ನು ಏನು ಕಚ್ಚುತ್ತವೆ? ನಮ್ಮ ಬೀದಿ ಸಮತಟ್ಟು, ಅಲ್ಲಿ ಬ್ರೇಕ್ ಹಿಡಿಯುವ ಪ್ರಮೇಯವೇ ಇಲ್ಲ. ಬೀದಿ ಮುಗಿದ ಮೇಲೆ ಇಳಿಜಾರು, ಇಳಿಜಾರು ಮುಗಿದಲ್ಲಿ ಬಳ್ಳಾರಿ ರಸ್ತೆ, ಅಲ್ಲಿ ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳು. ಬೀದಿಯಲ್ಲಿ ಅಪ್ಪ ಪಕ್ಕದ ಮನೆಯ ನಯಾಜ್ ಅಣ್ಣನನ್ನು ಕೂಗಿದ್ದು ಕೇಳಿಸಿತು. ಅವರ ಆಟೋಗೂ ಹಿಂದಿನ ದಿನ ಅಜ್ಜಿಯೇ ಹೂವು ಹಾಕಿದ್ದಳು, ಪ್ರತಿ ವರ್ಷವೂ ಅವರೇ ಬಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

"ಏನಾಯ್ತು ಕೃಷ್ಣಣ್ಣ?"

"ಮಂಜು ಸೈಕಲ್‌ಗೆ ಬ್ರೇಕ್ ಇಲ್ಲ ನಯಾಜ್. ಇಳಿಜಾರ್ ಕಡೆ ಹೋಗಿದಾಳೆ."

"ಯಾ ಅಲ್ಲಾ. ಕೂತ್ಕೊಳಿ, ಕೂತ್ಕೊಳಿ ಮೊದ್ಲು."

ಆಟೋ ಹೊರಟಿತು. ನಾವು ಮೂರು ಹೆಂಗಸರು ಉಳಿದೆವು.

ಆ ಚಕ್ರಗಳು ನಮ್ಮ ಮನೆಗೆ ಬಂದ ಬಗೆಯನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅಜ್ಜಿಯನ್ನು ಸುಮ್ಮನೆ ದೂರಿದಂತಾಗುತ್ತದೆ. ಬಳ್ಳಾರಿ ರಸ್ತೆಯ ಮೇಲೆ ಇನ್ನೊಂದು ರಸ್ತೆ ಕಟ್ಟಲು ಕಂಬ ಎಬ್ಬಿಸುತ್ತಿದ್ದ ಕಾಲ ಅದು. ಬಸ್ ಸ್ಟಾಪು ಇವತ್ತು ಇದ್ದಲ್ಲಿ ನಾಳೆ ಇರುತ್ತಿರಲಿಲ್ಲ. ಅಕ್ಕ ಬಸ್ಸು ಹುಡುಕಿಕೊಂಡು ಮುಟ್ಟುವಷ್ಟರಲ್ಲಿ ಶಾಲೆಯ ಗೇಟು ಹಾಕಿರುತ್ತಿತ್ತು. ಜಾಲಹಳ್ಳಿಯ ಅತ್ತೆಯ ಮನೆಯ ತಾರಸಿಯಲ್ಲಿ ಒಂದು ಲೇಡೀಸ್ ಸೈಕಲ್ ಬಿದ್ದಿತ್ತು. ಚೌಕಟ್ಟು ಗಟ್ಟಿ, ಟೈರು ಮಾತ್ರ ಮುಟ್ಟಿದರೆ ಪುಡಿ, ರಿಮ್ಮಿಗೆ ತುಕ್ಕು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಚಕ್ರ ತಾನೇ, ನಾನೇ ಕೂರಿಸುತ್ತೇನೆ ಎಂದರು. ಅಮ್ಮನಿಗೆ ಸುತರಾಂ ಒಪ್ಪಿಗೆ ಇರಲಿಲ್ಲ. ಆ ರಸ್ತೆಗೆ ಹೆಣ್ಣುಮಗುವನ್ನು ಸೈಕಲ್ ಹತ್ತಿಸಿ ಕಳಿಸಿ ನಾನು ಮನೆಯಲ್ಲಿ ಹೇಗೆ ಉಸಿರಾಡಲಿ ಎನ್ನುತ್ತಿದ್ದಳು. ಅಕ್ಕನಿಗೋ ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಸೈಕಲ್ ತುಳಿಯುತ್ತಾ ಹೋಗುವವರ ಹಾಗೆ ಸಣ್ಣ ಟೈರೇ ಬೇಕು. ಅಪ್ಪ ಕಿತ್ತುಹೋದ ರಸ್ತೆಗೆ ದಪ್ಪ ಟೈರೇ ಸರಿ ಎಂದು ಒಂದು ಜೊತೆ ತಂದೇಬಿಟ್ಟರು. ಅದರ ಮೇಲೂ ಇಪ್ಪತ್ತಾರು ಎಂದು ಬರೆದಿತ್ತು, ನಮ್ಮ ರಿಮ್ಮೂ ಇಪ್ಪತ್ತಾರೇ. ನಡುಮನೆಯಲ್ಲಿ ಕೂತು ಅಮ್ಮನ ಸಾರಿನ ಸೌಟಿನ ಹಿಡಿಯಿಂದ ಮೀಟಿ ಮೀಟಿ ನೋಡಿದರು, ಟೈರು ರಿಮ್ಮಿನ ಮೇಲೆ ಕೂರಲೇ ಇಲ್ಲ. ದಪ್ಪ ಟೈರಿನ ಇಪ್ಪತ್ತಾರೇ ಬೇರೆ, ಸಣ್ಣದರ ಇಪ್ಪತ್ತಾರೇ ಬೇರೆಯಂತೆ. ದಪ್ಪದರ ಒಳಸುತ್ತು ಚಿಕ್ಕದು.

"ನಿನ್ ಪ್ಯಾಕ್ಟ್ರೀಲಿ ಅಳೆಯೋ ಟೇಪು ಇಲ್ವೇನೋ?" ಎಂದು ಅಜ್ಜಿ ಕೇಳಿದ್ದಕ್ಕೆ ಅಪ್ಪ ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಯಶವಂತಪುರದ ಅಂಗಡಿಗೆ ಅಕ್ಕನನ್ನೂ ಕರೆದುಕೊಂಡು ಹೋಗಿ, ಅಕ್ಕ ಕೇಳಿದ ಸಣ್ಣ ಟೈರನ್ನೇ ತಂದರು. ರಿಮ್ಮು ಮಾತ್ರ ಅಪ್ಪ ಹೇಳಿದ್ದು, ಹೊಳೆಯುವ ಲೇಪದ ಉಕ್ಕಿನದು. ಗುಂಡಿಗೆ ಬಿದ್ದರೂ ತಡೆಯುತ್ತದೆ ಎಂದು. ಅಂಗಡಿಯವರು ಅಲ್ಯೂಮಿನಿಯಂ ತೋರಿಸಿದಾಗ ಅಪ್ಪ ಬೆರಳಲ್ಲಿ ತಟ್ಟಿ ನೋಡಿ ಬೇಡವೆಂದರಂತೆ. "ಸರಿ ಸಾರ್, ಆದ್ರೆ ಉಕ್ಕು, ತುಕ್ಕು ಹಿಡಿಯದಂಗೆ ನೋಡ್ಕೊಳ್ಳಿ" ಎಂದು ಅವರು ಹೇಳಿ ಕಳಿಸಿದ್ದರು. ಅಪ್ಪ ಮನೆಗೆ ಬಂದು ಆ ಮಾತನ್ನು ಎಲ್ಲರ ಮುಂದೆ ಹೇಳಿದರು. ನಾವೆಲ್ಲ ಕೇಳಿ ಮರೆತೆವು. ಅಜ್ಜಿ ಮರೆಯಲಿಲ್ಲ. ತುಕ್ಕಿನ ಜವಾಬ್ದಾರಿ ತನ್ನದೆಂದುಕೊಂಡಳು. ಮನೆಯ ಕಬ್ಬಿಣದ ಸಾಮಾನಿಗೆಲ್ಲ ವರ್ಷಕ್ಕೊಮ್ಮೆ ಹರಳೆಣ್ಣೆ ಸವರಿ ಕಾಪಾಡಿಕೊಂಡು ಬಂದವಳು ಅವಳೇ. ಅವಳ ಮದುವೆಯ ಕಾಲದ ಈಳಿಗೆಮಣೆ ಇವತ್ತಿಗೂ ನನ್ನ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತದೆ. ಪೂಜೆಯ ಮುನ್ನಾದಿನ ಎಲ್ಲಕ್ಕೂ ಹಚ್ಚಿದಳು, ಸೈಕಲ್ಲಿಗೂ ಹಚ್ಚಿದಳು. ಪೂಜೆಯ ದಿನ ಆಯುಧ ಮುಟ್ಟಬಾರದು ಎಂದು ಅಪ್ಪನೂ ಸೈಕಲ್ ಮುಟ್ಟಿ ನೋಡಲಿಲ್ಲ. ಮೇಲೆ ಅರಿಶಿನ, ಕುಂಕುಮ, ಚೆಂಡುಹೂವು. ಯಾರ ಕಣ್ಣಿಗೆ ಬೀಳಬೇಕು?

ಆಟೋದ ಸದ್ದು ಅಡಗಿದ ಮೇಲೆ ಅಮ್ಮ ಕೈಯಲ್ಲಿ ಸೌಟು ಹಿಡಿದೇ ಹಿತ್ತಿಲಿಗೆ ಬಂದಳು.

"ಸೈಕಲ್ ಚಕ್ರಕ್ಕೆ ಯಾರಾದ್ರೂ ಎಣ್ಣೆ ಹಚ್ತಾರಾ ಅತ್ತೆ?"

"ಕಬ್ಬುಣ ಅಲ್ವೇನೇ ಅದು? ಮಚ್ಚಿಗ್ ಅಚ್ಚಿದೆ, ಈಳ್ಗೆಮಣೆಗ್ ಅಚ್ಚಿದೆ. ಅದೇನ್ ಪಾಪ ಮಾಡಿತ್ತು?"

"ಅದು ಓಡೋ ವಸ್ತು ಅತ್ತೆ!"

"ಓಡ್ಲಿ ಅಂತಾನೇ ಅಲ್ವಾ ಪೂಜೆ ಮಾಡೋದು?"

ಅಜ್ಜಿಗೆ ತನ್ನ ಮಾತು ತನಗೇ ಕೇಳಿಸಿತೇನೋ, ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಮತ್ತೆ ತೊಳೆದಳು. ಅಮ್ಮ ಹೊಸಿಲ ಮೇಲೆ ನಿಂತು ಬೀದಿ ನೋಡಿದಳು, ಒಳಗೆ ಹೋಗಿ ಒಲೆ ಆರಿಸಿದಳು, ಮತ್ತೆ ಬಂದು ನಿಂತಳು. ನಾನು ದೀಪ ತಿಕ್ಕುತ್ತಲೇ ಇದ್ದೆ. ತಿಕ್ಕುವುದು ನಿಲ್ಲಿಸಿದರೆ ಏನೋ ಆಗಿಬಿಡುತ್ತದೆ ಎಂಬ ಭಯ. ದೇವರನ್ನು ಕೇಳಿಕೊಳ್ಳಬೇಕು ಅನ್ನಿಸಿತು, ಆದರೆ ಅಕ್ಕನನ್ನು ಉಳಿಸಿಕೊಡು ಎಂದು ಕೇಳಲು ನಾಲಿಗೆ ಬರಲಿಲ್ಲ. ಹಾಗೆ ಕೇಳಿದರೆ ಉಳಿಯದೇ ಇರುವುದೂ ಒಂದುಂಟು ಎಂದು ಒಪ್ಪಿಕೊಂಡಂತಲ್ಲವೇ? ಅದಕ್ಕೆ ಚೂರುಚೂರಾಗಿ ಕೇಳಿದೆ. ನಮ್ಮ ಮನೆದೇವರು ಮುನೇಶ್ವರ. ಮುನೇಶ್ವರಾ, ಅವಳು ಇಳಿಜಾರಿಗೆ ಮುಂಚೆ ಯಾರನ್ನೋ ಮಾತಾಡಿಸಲು ನಿಂತಿರಲಿ. ನಿಲ್ಲದಿದ್ದರೆ ಕಾಲು ನೆಲಕ್ಕೆ ಎಟುಕಲಿ. ಎಟುಕದಿದ್ದರೆ ಆ ಕ್ಷಣಕ್ಕೆ ಟ್ಯಾಕ್ಸಿ ಬರದಿರಲಿ. ಬಂದರೂ ಓಡಿಸುವವನ ಕಣ್ಣಿಗೆ ಅವಳು ಬೀಳಲಿ. ಒಂದು ಸಣ್ಣ ಕೋರಿಕೆ ಮುಗಿದರೆ ಅದರ ಬೆನ್ನಿಗೆ ಇನ್ನೊಂದು ಸಿದ್ಧವಾಗುತ್ತಿತ್ತು. ದೊಡ್ಡದನ್ನು ಕೇಳಲು ಹೆದರಿ ಸಣ್ಣದನ್ನು ಕೇಳುವ ಈ ಅಭ್ಯಾಸ ನನಗೆ ಆ ಹಿತ್ತಿಲಲ್ಲಿ ಹತ್ತಿದ್ದು. ಮುಂದೆ ಹೆರಿಗೆ ವಾರ್ಡಿನಲ್ಲಿ, ಗಂಡನ ಆಪರೇಷನ್ನಿನ ಹೊತ್ತಿನಲ್ಲಿ, ಮಗನ ಜ್ವರದಲ್ಲಿ ನಾನು ಬೇಡಿಕೊಂಡದ್ದೆಲ್ಲ ಹೀಗೇ. ಒಂದೊಂದೇ ಚೂರು. ಕೊಟ್ಟ ಚೂರುಗಳನ್ನು ನೆನೆದು ಕೈ ಮುಗಿಯುವುದೂ ಹಾಗೆಯೇ ಬಂತು.

ಆಟೋ ಮರಳಿ ಬಂದ ಸದ್ದಿಗೆ ಮೂವರೂ ಬೀದಿಗೆ ಓಡಿದೆವು. ಹಿಂದಿನ ಸೀಟಿನಿಂದ ಸೈಕಲ್ಲಿನ ಮುಂದಿನ ಚಕ್ರ ಹೊರಗೆ ಚಾಚಿಕೊಂಡಿತ್ತು, ಕರಿದ ಹಪ್ಪಳದ ಹಾಗೆ ಸೊಟ್ಟಗೆ. ಅದನ್ನು ನೋಡಿ ಅಮ್ಮ ಗೋಡೆ ಹಿಡಿದುಕೊಂಡಳು. ಆಮೇಲೆ ಅಕ್ಕ ಇಳಿದಳು. ಯಾರೂ ಕೈ ಹಿಡಿಯದೆ, ತಾನೇ ಇಳಿದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕಾಲು ತರಚಿತ್ತು. ಜಡೆಯಲ್ಲಿ, ಕುತ್ತಿಗೆಯಲ್ಲಿ, ಚೂಡಿದಾರದ ತೋಳಿನಲ್ಲಿ ಎಲ್ಲೆಲ್ಲೂ ಚೆಂಡುಹೂವಿನ ಎಸಳು.

ನಯಾಜ್ ಅಣ್ಣ ಇಂಜಿನ್ ಆರಿಸುತ್ತಾ ಅಂದರು.

"ಅಜ್ಜೀ, ನಿಮ್ ಮೊಮ್ಮಗಳು ಹೂವಿನ್ ಗುಡ್ಡೆ ಮೇಲೆ ಕೂತಿದ್ಲು ನೋಡಿ, ಥೇಟ್ ಉತ್ಸವಮೂರ್ತಿ. ಸುತ್ತ ಜನ ಬೇರೆ. ಮಂಗಳಾರತಿ ಒಂದ್ ಬಾಕಿ ಇತ್ತು."

ಯಾರೂ ನಗಲಿಲ್ಲ. ಅಕ್ಕ ಒಬ್ಬಳೇ ನಗಲು ಹೋಗಿ ಅತ್ತುಬಿಟ್ಟಳು. ಇಳಿಜಾರಿನ ಅರ್ಧದಲ್ಲಿ ಎರಡೂ ಬ್ರೇಕ್ ಒತ್ತಿದಳಂತೆ. ಹಿಡಿಗಳು ಪೂರ್ತಿ ಒಳಗೆ ಬಂದರೂ ಚಕ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು. ಕಾಲು ಎಳೆದಳು, ಚಪ್ಪಲಿಯ ಬಾರು ಕಿತ್ತಿತು. ಕೆಳಗೆ ರಸ್ತೆ ಕಾಣುತ್ತಿತ್ತು, ಟ್ಯಾಕ್ಸಿಗಳೂ ಕಾಣುತ್ತಿದ್ದವು. ಎಡಗಡೆ ಮೂಲೆಯಲ್ಲಿ, ಹಬ್ಬಕ್ಕೆ ಹೂವು ಮಾರಲು ಬಂದವರು ಮಾರಾಟವಾಗದೇ ಉಳಿದ ಚೆಂಡುಹೂವು, ಬಾಳೆಕಂದುಗಳನ್ನೆಲ್ಲ ಸುರಿದು ಹೋಗಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡು ಹ್ಯಾಂಡಲ್ಲನ್ನು ಅತ್ತ ತಿರುಗಿಸಿದಳು. ಆ ಮೂಲೆಯಲ್ಲಿ ಬೇರೆ ದಿನ ಇರುತ್ತಿದ್ದದ್ದು ಕಂಬದ ಕೆಲಸದ ಜಲ್ಲಿಕಲ್ಲಿನ ರಾಶಿ ಮಾತ್ರ. ಅವತ್ತೂ ಜಲ್ಲಿ ಇತ್ತು, ಹೂವಿನ ಕೆಳಗೆ. ಮುಂದಿನ ಚಕ್ರಕ್ಕೆ ಜಲ್ಲಿ ಸಿಕ್ಕಿತು, ಅಕ್ಕನಿಗೆ ಹೂವು ಸಿಕ್ಕಿತು. ಹಬ್ಬದ ಮರುದಿನ ರಸ್ತೆ ಬದಿಯ ಕಸ ಕಂಡು ಜನ ಬೈಯುವಾಗ ನಾನು ಇವತ್ತಿಗೂ ಬಾಯಿ ಬಿಡುವುದಿಲ್ಲ.

ಅಮ್ಮ ಅಕ್ಕನನ್ನು ಒಳಗೆ ಕರೆದೊಯ್ದು ಮೊಣಕಾಲಿಗೆ ಅರಿಶಿನ ಒತ್ತಿದಳು. ಒತ್ತುತ್ತಲೇ ತೀರ್ಪು ಕೊಟ್ಟಳು.

"ಸೈಕಲ್ ಇವತ್ತಿಗೆ ಮುಗೀತು. ಪಾಠಾನೂ ಬೇಡ, ಏನೂ ಬೇಡ. ಪಾಸಾದ್ರೆ ಆಗ್ತಾಳೆ, ಇಲ್ದಿದ್ರೆ ಮನೇಲಿರ್ತಾಳೆ. ಇದ್ರೆ ಸಾಕು ನಂಗೆ."

ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು. ಅರ್ಧ ಗಡ್ಡ ಹಾಗೇ ಇತ್ತು. ಉಕ್ಕಿನ ರಿಮ್ಮು ಆರಿಸಿದ್ದು ತಾನೆಂಬ ಕೊರಗು ಅವರದು. ಆಗ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು.

"ದಿಟ ಏಳು ಕೃಷ್ಣ. ಎಣ್ಣೆಯಿಂದಾನೇ ಆಯ್ತಾ?"

ಬ್ರೇಕ್ ತಂತಿ ಸಡಿಲವಾಗಿತ್ತು ಎಂದೋ, ಅಕ್ಕನ ಅವಸರ ಎಂದೋ ಅಪ್ಪ ಹೇಳಬಹುದಿತ್ತು. ನಾನೂ ಅದನ್ನೇ ಬಯಸಿದೆ. ಅಪ್ಪ "ಹೌದವ್ವ" ಎಂದರು.

ಅಜ್ಜಿ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅಮ್ಮನ ಎದುರು ಬಂದು ಕೂತಳು.

"ನೋಡವ್ವ, ತಪ್ಪು ಮಾಡಿದ್ದು ನಾನು. ಬೈಯಂಗಿದ್ರೆ ನನ್ನ ಬೈಯಿ, ಇವತ್ತೆಲ್ಲಾ ಬೈಯಿ. ಅದುಕ್ಕೆ ಈ ಮಗಾ ಓದೋದ್ ಯಾಕ್ ಬಿಡ್ಬೇಕು?"

"ನಿಮ್ಮನ್ನ ಬೈದ್ರೆ ನನ್ನ ಭಯ ಹೋಗುತ್ತಾ ಅತ್ತೆ?"

"ನಂಗೂ ಭಯಾನೇ ಕಣೆ. ನಿಂಗಿಂತ ಜಾಸ್ತಿ."

ಅಮ್ಮ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಆ ಮನೆಯಲ್ಲಿ ಅಜ್ಜಿ ತನಗೆ ಭಯ ಎಂದು ಹೇಳಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಅಮ್ಮ ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಅವತ್ತು ಮಧ್ಯಾಹ್ನ ಅಜ್ಜಿ ಹಂಡೆಗೆ ನೀರು ಕಾಯಿಸಲು ಹೇಳಿದಳು. ಅಪ್ಪ ಹಿಂದಿನ ಚಕ್ರ ಬಿಚ್ಚಿ ಕೊಟ್ಟರು. ಅಜ್ಜಿ ಅದನ್ನು ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಎಣ್ಣೆ ಹಚ್ಚಿದ ಮಗುವಿನ ತಲೆಗೆ ಹಾಕುವ ಹಾಗೆ ಸೀಗೆಪುಡಿ ಕಲಸಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿದಳು. ಬಿಸಿನೀರು ಹುಯ್ಯುವ ಕೆಲಸ ನನ್ನದು. ಕಡ್ಡಿಕಡ್ಡಿಯ ಬುಡಕ್ಕೂ ಬೆರಳು ಹಾಕಿ ತೊಳೆದಳು. ಜಿಡ್ಡು ಹೋಯಿತೇ ಎಂದು ರಿಮ್ಮಿನ ಮೇಲೆ ಬೆರಳು ಎಳೆದು, ಕೀಚ್ ಎಂದು ಸದ್ದು ಬಂದ ಮೇಲೇ ಬಿಟ್ಟಳು. ಸದ್ದು ಕೇಳಿ ಅಡುಗೆಮನೆಯ ಕಿಟಕಿಯಲ್ಲಿ ಅಮ್ಮನ ಮುಖ ಕಂಡಿತು. ಎಣ್ಣೆ ಕುಡಿದ ಬ್ರೇಕ್ ರಬ್ಬರುಗಳನ್ನು ಅಪ್ಪ ಎಸೆದುಬಿಟ್ಟರು, ಅವನ್ನು ತೊಳೆದು ಪ್ರಯೋಜನವಿಲ್ಲವೆಂದು.

ಬ್ರೇಕ್ ರಬ್ಬರು, ಮುಂದಿನ ಚಕ್ರದ ರಿಮ್ಮು ಎರಡೂ ಹೊಸದೇ ಆಗಬೇಕಿತ್ತು. ಅಪ್ಪ ಯಶವಂತಪುರಕ್ಕೆ ಹೊರಟು ನಿಂತಾಗ ಅಮ್ಮ ಸೀರೆ ಬದಲಿಸಿಕೊಂಡು ಬಂದಳು. ನಾನೂ ಹೋದೆ. ಅಂಗಡಿಯಲ್ಲಿ ಅಮ್ಮ ಅಪ್ಪನಿಗೆ ಬಾಯಿ ತೆಗೆಯಲು ಬಿಡಲಿಲ್ಲ.

"ಬ್ರೇಕ್ ಚೆನ್ನಾಗಿ ಹಿಡಿಯೋದು ಯಾವ್ದು ಇವೆರಡ್ರಲ್ಲಿ?"

"ಅಲ್ಯೂಮಿನಿಯಂ ಅಮ್ಮ. ಮಳೇಲೂ ಹಿಡಿಯುತ್ತೆ."

"ತುಕ್ಕು?"

"ಆ ತರ ತುಕ್ಕೇ ಬರಲ್ಲ."

"ಹಂಗಾದ್ರೆ ಅದನ್ನೇ ಕೊಡಿ. ನಮ್ಮತ್ತೆಗೆ ಅರ್ಧ ಕೆಲಸ ಕಮ್ಮಿ ಆಗುತ್ತೆ."

ಅಂಗಡಿಯವರಿಗೆ ಅರ್ಥವಾಗಲಿಲ್ಲ. ಅಪ್ಪ ಮುಖ ಆಚೆ ತಿರುಗಿಸಿಕೊಂಡರು, ನಗುವಿಗೆ ಭುಜ ಅಲುಗುತ್ತಿತ್ತು. ಎಷ್ಟು ಕಡ್ಡಿಯ ತೂತು ಬೇಕೆಂದು ಅಂಗಡಿಯವರು ಕೇಳಿದಾಗ ಮಾತ್ರ ಅಮ್ಮ ಅಪ್ಪನ ಕಡೆ ನೋಡಿದಳು.

ಅಪ್ಪ ಆ ರಿಮ್ಮಿಗೆ ಕಡ್ಡಿ ಹೆಣೆದದ್ದು ನಡುಮನೆಯಲ್ಲೇ. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಚಕ್ರ ಕೂರಿಸಿ ತಿರುಗಿಸಿದರು. ಚಕ್ರ ಎಲ್ಲಿ ವಾಲುತ್ತದೋ ಅಲ್ಲಿ ತಾಗುವ ಹಾಗೆ ಪಕ್ಕದಲ್ಲಿ ಸೀಮೆಸುಣ್ಣ ಹಿಡಿಯಬೇಕು. ಗುರುತು ಬಿದ್ದ ಕಡೆ ಒಂದು ಬದಿಯ ಕಡ್ಡಿ ಬಿಗಿಮಾಡಿ, ಇನ್ನೊಂದು ಬದಿಯದು ಸಡಿಲಿಸಬೇಕು. ಸೀಮೆಸುಣ್ಣ ಹಿಡಿದದ್ದು ಅಕ್ಕ. ಅಮ್ಮ ಹುರುಳಿಕಾಯಿ ಮುರಿಯುತ್ತಾ ದೂರ ಕೂತಿದ್ದಳು. ಸುಮಾರು ಹೊತ್ತಾದ ಮೇಲೆ, ನೋಡದೆಯೇ, "ಇನ್ನೂ ತಗುಲ್ತಾ ಇದೆ" ಎಂದಳು. ಅಪ್ಪ ಮತ್ತೆ ತಿರುಗಿಸಿದರು. ಹೌದು, ತಗುಲುತ್ತಿತ್ತು. ಆಮೇಲೆ ಕಡ್ಡಿಯ ತುದಿಗಳು ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಒಳಗೆ ಸುತ್ತಲು ಒಂದು ಬಟ್ಟೆಯ ಪಟ್ಟಿ ಬೇಕಾಯಿತು. ಅಮ್ಮ ಎದ್ದು ಹೋಗಿ ತನ್ನ ಹಳೆಯ ಹತ್ತಿ ಸೀರೆಯ ಅಂಚು ಹರಿದು ತಂದು ಕೊಟ್ಟಳು. ಟ್ಯೂಬಿಗೆ ಪೌಡರು ಉದುರಿಸಿ ಒಳಗೆ ಕೂರಿಸಿ, ಎಲ್ಲೂ ಟೈರಿನ ಅಂಚಿಗೆ ಸಿಕ್ಕಿಕೊಂಡಿಲ್ಲವೆಂದು ಸುತ್ತಲೂ ಬೆರಳಿನಿಂದ ಒತ್ತಿ ನೋಡಿ, ಅಪ್ಪ ಗಾಳಿ ತುಂಬಿದರು. ಈ ಸಲ ಸೌಟಿನ ಹಿಡಿ ಬಳಸಿದ್ದಕ್ಕೆ ಅಮ್ಮ ಏನೂ ಅನ್ನಲಿಲ್ಲ.

ಅಕ್ಕ ಮತ್ತೆ ಹೊರಟ ಬೆಳಿಗ್ಗೆ ಅಜ್ಜಿ ಸೈಕಲ್ಲಿಗೆ ಅಡ್ಡ ನಿಂತಳು.

"ತಡಿ. ಬ್ರೇಕ್ ಇಡಿದು ತೋರ್ಸು."

ಅಕ್ಕ ಹಿಡಿ ಒತ್ತಿದಳು. ಅಜ್ಜಿ ತನ್ನ ಬಲವನ್ನೆಲ್ಲ ಹಾಕಿ ಸೈಕಲ್ಲನ್ನು ಹಿಂದಿನಿಂದ ನೂಕಿದಳು. ಟೈರು ಮಣ್ಣಿನಲ್ಲಿ ಗೆರೆ ಕೊರೆಯಿತೇ ಹೊರತು ಚಕ್ರ ಉರುಳಲಿಲ್ಲ. ಇನ್ನೊಮ್ಮೆ ನೂಕಿದಳು. ಆಮೇಲೆ ಹೂಂ, ಓಗು ಎಂದು ದಾರಿ ಬಿಟ್ಟಳು. ಅಮ್ಮ ಬಾಗಿಲಿಗೆ ಬರಲಿಲ್ಲ. ಒಳಗಿನಿಂದಲೇ ಕೂಗಿ ಹೇಳಿದಳು.

"ಮಂಜೂ, ಇಳಿಜಾರು ಇಳಿದು ನಿಂತ್ಕೊಂಡು ಬೆಲ್ ಹೊಡಿ. ಕೇಳಿಸೋ ಹಂಗ್ ಹೊಡಿ."

ನಾನು ಒಲೆಯ ಮುಂದೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅಮ್ಮ ನನ್ನ ಕೈಯಿಂದ ಸೌಟು ಕಸಿದುಕೊಂಡು ಬಾಣಲೆಯ ಪಕ್ಕ ಇಟ್ಟಳು, ಅದರ ಸದ್ದು ಬೇಡವೆಂದು. ಬೆಂಕಿ ಸಣ್ಣಗೆ ಮಾಡಿದಳು. ನಯಾಜ್ ಅಣ್ಣನ ಮನೆಯ ನಲ್ಲಿ ಸುರಿಯುತ್ತಿತ್ತು. ಯಾರದೋ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು. ಅಜ್ಜಿ ಬೀದಿ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದಳು. ಇಷ್ಟು ಹೊತ್ತಿಗೆ ಇಳಿಜಾರು ಮುಟ್ಟಿರಬೇಕು ಅಂದುಕೊಂಡೆ. ಇಷ್ಟು ಹೊತ್ತಿಗೆ ಅರ್ಧ. ಇಷ್ಟು ಹೊತ್ತಿಗೆ ಬೆಲ್ ಕೇಳಬೇಕಿತ್ತು. ಅಮ್ಮನ ಕೈ ನನ್ನ ಮಣಿಕಟ್ಟಿನ ಮೇಲಿತ್ತು, ಬಿಗಿಯಾಗುತ್ತಿತ್ತು.

ಆಮೇಲೆ ಬಂತು. ದೂರದಿಂದ, ಸಣ್ಣಗೆ, ಒಂದು ಸಲ. ತಡೆದು ಮತ್ತೊಂದು ಸಲ.

ಅಮ್ಮ ನನ್ನ ಕೈ ಬಿಟ್ಟಳು. "ರವೆ ಸೀದ್ರೆ ನೋಡು ಮತ್ತೆ" ಎಂದು ಗದರಿ, ಬೆಂಕಿ ದೊಡ್ಡದು ಮಾಡಿ, ಸೌಟು ನನ್ನ ಕೈಗಿತ್ತಳು. ನಾನು ತಳದಿಂದ ಎತ್ತಿ ಎತ್ತಿ ಕೈಯಾಡಿಸಿದೆ. ಒಂದು ಕಾಳೂ ಸೀಯಲಿಲ್ಲ.